ಶುಕ್ರವಾರಕ್ಕೊಮ್ಮೆ ಕೆಡುತ್ತಿದ್ದ ಮೈಕು

“ನಾವ್ ಏನೂ ಮುಟ್ಟಿಲ್ರಿ. ಅದರ ಪಾಡಿಗಿ ಅದು ಬಂದ್ ಆತ್ರಿ.”

ಮನೆ ಮನೆಗೆ ಹೋಗಿ ಕಂಪ್ಯೂಟರ್ ಸರಿ ಮಾಡುವ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಬೀದರಿನ ವಕೀಲರು ಹೇಳಿದ್ದಾರೆ, ಭಾಲ್ಕಿಯ ಮಾಸ್ತರರು ಹೇಳಿದ್ದಾರೆ, ಕಮಠಾಣದಲ್ಲಿ ಒಬ್ಬ ಅಜ್ಜಿ ಮೊಮ್ಮಗನ ಪರವಾಗಿ ಆಣೆ ಮಾಡಿಯೇ ಹೇಳಿದ್ದಾಳೆ. ಎಲ್ಲರೂ ಮುಟ್ಟಿರುತ್ತಾರೆ. ಮುಟ್ಟದೆ ಕೆಟ್ಟ ಕಂಪ್ಯೂಟರುಗಳು ಇಲ್ಲವೆಂದಲ್ಲ, ಆದರೆ ಅವು ನನ್ನ ಪಾಲಿಗೆ ಬಂದದ್ದು ಕಡಿಮೆ. ಮೊದಮೊದಲು ಈ ಮಾತು ಕಿವಿಗೆ ಬಿದ್ದರೆ ನನಗೆ ಮೂಗಿನ ತುದಿಗೇ ಸಿಟ್ಟು ಬರುತ್ತಿತ್ತು. ಸುಳ್ಳು ಯಾಕೆ ಹೇಳುತ್ತೀರಿ ಎಂದು ಮುಖಕ್ಕೆ ಹೊಡೆದಂತೆ ಕೇಳಿ, ಚಹಾ ಕೂಡ ಸಿಗದೆ ಹೊರಬಿದ್ದದ್ದುಂಟು.

ನನ್ನ ತಂಗಿಯ ಮಗಳು ಪ್ರಜ್ಞಾ ಈಗ ಇದೇ ಕೆಲಸಕ್ಕೆ ಸೇರಿದ್ದಾಳೆ. ಅವಳು ಎಲ್ಲಿಗೂ ಹೋಗುವುದಿಲ್ಲ. ಗ್ರಾಹಕರ ಪರದೆಯನ್ನು ತನ್ನ ಪರದೆಯ ಮೇಲೆ ಎಳೆದುಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕುಳಿತಲ್ಲೇ ಎಲ್ಲ ಸರಿ ಮಾಡುತ್ತಾಳೆ. ಮೊನ್ನೆ ಕೇಳಿದಳು: “ದೊಡ್ಡವ್ವಾ, ಒಂದು ಸೆಟ್ಟಿಂಗ್ ಬದಲಿಸಲಾಕ ನೀನು ಬಸ್ ಹತ್ತಿ ಔರಾದಿಗಿ ಹೋಗ್ತಿದ್ದೆಂತಲ್ಲ, ಖರೇನ?” ಖರೆ. ಅವಳು ನಕ್ಕಳು, ನಾನೂ ನಕ್ಕೆ. ಆದರೆ ರಾತ್ರಿಯೂಟದ ಹೊತ್ತಿಗೆ ನನಗೆ ಸ್ವಲ್ಪ ರೋಷ ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ, ಅವಳಂಥವರಿಗೆ.

ನನಗೆ ಕೆಲಸ ಕಲಿಸಿದವರು ಹಮೀದ್ ಸಾಹೇಬರು. ಬೀದರಿನ ಗಾಂಧಿ ಗಂಜಿನ ಹತ್ತಿರ ಅವರ ಅಂಗಡಿ. ಮೊದಲು ರೇಡಿಯೊ, ಆಮೇಲೆ ಟೀವಿ, ಆಮೇಲೆ ಕಂಪ್ಯೂಟರ್. ಕಾಲ ಬದಲಾದಂತೆ ಬೋರ್ಡು ಬದಲಾಯಿತು, ಕುರ್ಚಿ ಮಾತ್ರ ಅದೇ ಇತ್ತು. ಬುದ್ಧ ವಿಹಾರದ ಓಣಿಯಿಂದ ಬಂದ ನನ್ನಂಥ ಹುಡುಗಿಯೊಬ್ಬಳು ಸ್ಕ್ರೂಡ್ರೈವರ್ ಹಿಡಿಯುತ್ತೇನೆ ಅಂದಾಗ ಗಂಜಿನ ಹಮಾಲರು ಮೂಟೆ ಇಳಿಸಿ ನಿಂತು ನೋಡಿದ್ದರು. ಸಾಹೇಬರು ತಲೆ ಎತ್ತದೆ, “ನೋಡಲಾಕ ಟಿಕೀಟ್ ಅದ. ನಡ್ರಿ ಮುಂದ,” ಎಂದು ಅವರನ್ನು ಅಟ್ಟಿದರು. ಆವತ್ತಿನಿಂದ ನನಗೆ ಅವರ ಮೇಲೆ ಪ್ರೀತಿ. ಅವರು ಬೈಯುವುದರಲ್ಲೂ ನಿಸ್ಸೀಮರು. ಆ ವಿಷಯ ಇಲ್ಲಿ ಬೇಡ.

ಅವರ ನಿಯಮ ಒಂದೇ. ಕ್ಯಾಬಿನೆಟ್ ಬಿಚ್ಚುವ ಮೊದಲು ಮನೆಯವರ ಮಾತು ಪೂರ್ತಿ ಕೇಳಬೇಕು. “ಮಷೀನ್ ಎಲ್ಲೂ ಹೋಗಲ್ಲ ಬೇಟಾ. ಮಂದಿ ಮೊದಲು.” ಬರ ಬಿದ್ದ ವರ್ಷಗಳಲ್ಲಿ ಇನ್ನೊಂದು ಸೇರಿಸಿದರು: ನೀರಿನ ಬಾಟಲಿ ಮನೆಯಿಂದಲೇ ಒಯ್ಯಬೇಕು, ಯಾರ ಮನೆಯಲ್ಲೂ ನೀರು ಕೇಳಬಾರದು, ಆದರೆ ಅವರಾಗಿ ಕೊಟ್ಟರೆ ಒಂದು ಗುಟುಕಾದರೂ ಕುಡಿಯಬೇಕು. ಟ್ಯಾಂಕರಿನ ಮುಂದೆ ಬಿಸಿಲಲ್ಲಿ ನಿಂತು ತಂದ ನೀರನ್ನು ಹಿತ್ತಾಳೆ ಚರಿಗೆಯಲ್ಲಿ ಮುಂದಿಡುತ್ತಿದ್ದ ಹೆಂಗಸರನ್ನು ನಾನು ಕಂಡಿದ್ದೇನೆ. ಒಂದೇ ಗುಟುಕು ಕುಡಿದು ಚರಿಗೆಯನ್ನು ತಿರುಗಿ ಅವರ ಕೈಗೇ ಕೊಡುತ್ತಿದ್ದೆ.

ಆ ವರ್ಷಗಳಲ್ಲಿ ನಮ್ಮ ಕಡೆಯ ಮನೆಗಳಿಗೆ ಬೀಗ ಬಿದ್ದವು. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ. ಸ್ವಲ್ಪ ಅನುಕೂಲವಿದ್ದವರ ಮನೆಯಲ್ಲಿ ಮಕ್ಕಳ ಓದಿಗೆಂದು ಕೊಂಡ ಕಂಪ್ಯೂಟರ್ ಬೀಗದ ಒಳಗೆ ಉಳಿಯಿತು. ಮಳೆ ಬಿದ್ದು ಅವರು ತಿರುಗಿ ಬಂದ ಮೇಲೆ ನನಗೆ ಕೆಲಸವೋ ಕೆಲಸ.

ಭಾಲ್ಕಿಯ ಬಾಬುರಾವ್ ಎಂಬವರದು ನನಗೆ ಮರೆಯದ ಕೇಸು. ಸಂತೆಯಲ್ಲಿ ಬೀಜ ಮಾರುತ್ತಿದ್ದವರು, ಬೀಜ ಕೊಳ್ಳುವವರೇ ಇಲ್ಲವಾದಾಗ ಹೆಂಡತಿ ಮಕ್ಕಳೊಂದಿಗೆ ಪುಣೆಗೆ ಹೋಗಿ ವಾಚ್‌ಮನ್ ಆಗಿದ್ದರು. ತಿರುಗಿ ಬಂದು ಕಂಪ್ಯೂಟರ್ ಹಚ್ಚಿದರೆ ಇಂಟರ್ನೆಟ್ಟಿನ ಯಾವ ಪುಟವೂ ತೆರೆಯುವುದಿಲ್ಲ, ಮೇಲೆ ಒಳಗಿನಿಂದ ಸುಟ್ಟ ವಾಸನೆ. ನಾನು ಹೋಗಿ ಪಕ್ಕದ ತಗಡು ಬಿಚ್ಚಿದೆ. ಬೂದಿ ಬುಳಬುಳನೆ ನನ್ನ ತೊಡೆಯ ಮೇಲೆ ಸುರಿಯಿತು. ಬೂದಿಯ ಹಿಂದೆ ಒಣಗಿದ ಬೇವಿನ ಎಲೆ. ಫ್ಯಾನಿನ ರೆಕ್ಕೆಗಳ ನಡುವೆ ಕಡ್ಡಿಗಳು.

“ಇದೇನ್ರಿ ಬಾಬುರಾವಣ್ಣಾ?”

“ತೊಗರಿ ಬೀಜಕ್ಕ ಹಾಕ್ತೀವಲ್ರಿ ಅಕ್ಕಾ, ಹಂಗ. ಮನಿ ಬಂದ್ ಇರ್ತದ, ಒಳಗ ಇರುವಿ, ಜೊಂಡಿಗ್ಯಾ ಸೇರ್ತಾವು. ಬೂದಿ, ಬೇವಿನ ತಪ್ಪಲ ಹಾಕಿಟ್ಟರ ವರ್ಷಗಟ್ಟಲೆ ಏನೂ ಆಗಲ್ಲ.”

ಅಷ್ಟು ಅಕ್ಕರೆಯಿಂದ ಕೆಡಿಸಿದ್ದ ಕಂಪ್ಯೂಟರನ್ನು ನಾನು ಮತ್ತೆ ಕಂಡಿಲ್ಲ. ನಗು ತಡೆಯಲು ತುಟಿ ಕಚ್ಚಿಕೊಂಡೆ. ಬೂದಿಯನ್ನು ಬ್ರಷ್ಷಿನಿಂದ ತೆಗೆದು, ಹೊಲಿಗೆ ಯಂತ್ರದ ಎಣ್ಣೆ ತರಲು ಹೊರಟ ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಫ್ಯಾನು ತಿರುಗುವಂತೆ ಮಾಡಿದೆ. ಆದರೂ ಪುಟ ತೆರೆಯಲಿಲ್ಲ. ಪರದೆಯ ಮೂಲೆ ನೋಡಿದರೆ ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿ ಕುಳಿತಿತ್ತು. ಒಳಗೊಂದು ಅಂಗಿಯ ಗುಂಡಿಯಷ್ಟು ಸಣ್ಣ ಸೆಲ್ ಇರುತ್ತದೆ; ಕರೆಂಟು ಇಲ್ಲದಾಗಲೂ ಗಡಿಯಾರ ನಡೆಸುವುದು ಅದು. ಮುಚ್ಚಿದ ಮನೆಯಲ್ಲಿ ಅದು ಸತ್ತುಹೋಗಿತ್ತು. ತಾರೀಖು ತಪ್ಪಿದರೆ ಇಂಟರ್ನೆಟ್ಟಿನ ಪುಟಗಳು ನಂಬುವುದಿಲ್ಲ, ಒಳಗೆ ಬಿಡುವುದಿಲ್ಲ. ಬೀಗ ಬಿದ್ದ ಎಲ್ಲ ಮನೆಗಳಲ್ಲೂ ಆ ವರ್ಷ ಇದೇ ರೋಗ. ನಾನು ವಿವರಿಸುತ್ತಿದ್ದಾಗ ಬಾಬುರಾವ್ ಅವರ ಹೆಂಡತಿ ಪರದೆಯ ಹತ್ತಿರ ಬಗ್ಗಿ ಆ ಹಳೆಯ ತಾರೀಖು ಓದಿದರು.

“ಆ ವರ್ಷ ಮಳಿ ಚೊಲೋ ಆಗಿತ್ತು,” ಅಂದರು. “ಅದೇ ಇರ್ಲಿ ಬಿಡ್ರಿ ಅಕ್ಕಾ.”

ತಮಾಷೆಗೆ ಅಂದದ್ದು. ನಾವೆಲ್ಲ ನಕ್ಕೆವು. ಸೆಲ್ ಬದಲಿಸಿ ತಾರೀಖು ಸರಿ ಮಾಡುವಾಗ ಮಾತ್ರ ನನ್ನ ಕೈ ಯಾಕೋ ನಿಧಾನವಾಯಿತು.

ಆಮೇಲೆ ಎಲ್ಲ ಸುಲಭವಾಯಿತು. ಸಿ.ಡಿ.ಗಳ ಚೀಲ ಹೋಗಿ ಪೆನ್‌ಡ್ರೈವ್ ಬಂತು. ನಮ್ಮ ಹುಡುಗರಿಗೆ ಒಂದು ಕೆಟ್ಟ ಚಾಳಿಯೂ ಬಂತು: ಏನೇ ತಪ್ಪು ಕಂಡರೂ “ಫಾರ್ಮ್ಯಾಟ್ ಹೊಡಿ.” ಎಲ್ಲ ಅಳಿಸಿ ಹೊಸದಾಗಿ ಹಾಕು. ಯಾಕೆ ಕೆಟ್ಟಿತು ಎಂದು ಹುಡುಕುವ ತ್ರಾಸವೇ ಇಲ್ಲ. ಈಗಲೂ ಆ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ತಪ್ಪಿಗೆ ಒಂದು ಕಾರಣ ಇರುತ್ತದೆ ಪ್ರಜ್ಞಾ. ಅದು ಕೆಲವು ಸಲ ಕಂಪ್ಯೂಟರಿನ ಒಳಗೆ ಇರುವುದಿಲ್ಲ. ಔರಾದಿನ ಗಿರಣಿಯ ಮನೆಯಲ್ಲಿ ನಾನು ಕಲಿತದ್ದು ಇದನ್ನೇ.

ಒಂದು ದಿನ ಅಂಗಡಿಯ ಫೋನಿಗೆ ದೂರದ ಕರೆ ಬಂತು. ಕುವೈತಿನಿಂದ. ಮಾತಾಡಿದವರು ವಿಮಲಾ ಎಂಬ ನರ್ಸು, ಔರಾದಿನವರು, ಮೆಥೊಡಿಸ್ಟ್ ಚರ್ಚಿನ ಮನೆತನ. ಆಕೆಯ ಗಂಡ ಪ್ರಭುದಾಸರಿಗೆ ಹಿಟ್ಟಿನ ಗಿರಣಿ. ಬೀಸಲು ಜೋಳವೇ ಇಲ್ಲದ ಮೇಲೆ ಗಿರಣಿ ಎಲ್ಲಿಂದ ನಡೆಯಬೇಕು? ಆಕೆ ಎರಡು ವರ್ಷದ ಕರಾರಿನ ಮೇಲೆ ಕುವೈತಿನ ಆಸ್ಪತ್ರೆಗೆ ಹೋಗಿದ್ದರು. ಮಗಳು ಬೀದರಿನ ಹಾಸ್ಟೆಲಿನಲ್ಲಿ. ಫೋನ್ ತುಟ್ಟಿ, ಆದ್ದರಿಂದ ಪ್ರತಿ ಶುಕ್ರವಾರ, ಅಲ್ಲಿನ ರಜೆಯ ದಿನ, ಗಂಡ ಹೆಂಡತಿ ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಮಾತಾಡುತ್ತಿದ್ದರು.

“ಮುಖ ಕಾಣ್ತದ್ರಿ ಅಕ್ಕಾ, ಧ್ವನಿ ಬರಲ್ಲ. ನಂದು ಅವರಿಗಿ ಕೇಳ್ತದ. ಅವರದು ನನಗ ಇಲ್ಲ. ಮೈಕ್ ಕೆಟ್ಟದ ಅಂತ ಟೈಪ್ ಮಾಡಿ ಕಳಿಸ್ತಾರ. ಫೋನ್ ಹಚ್ಚಿದ್ರ ಎತ್ತಲ್ಲ, ಗಿರಣಿ ಸಪ್ಪಳದಾಗ ಕೇಳಲಿಲ್ಲ ಅಂತ ಮೆಸೇಜ್ ಹಾಕ್ತಾರ. ಗಿರಣಿ ಬಂದ್ ಅದ ಅಂತ ನನಗ ಗೊತ್ತಿಲ್ಲೇನ್ರಿ?” ಸ್ವಲ್ಪ ತಡೆದು ಅಂದರು: “ಜರಾ ನೀವೇ ಹೋಗಿ ನೋಡ್ರಿ. ಮೈಕ್ ಸರಿ ಆಗಬೇಕು.”

ಕೊನೆಯ ಮಾತಿನಲ್ಲಿ ಆಕೆಯ ದನಿ ನಡುಗಿತು. ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಎಂದು ನಾನು ಕೇಳಲಿಲ್ಲ.

ನಾನು ಹೋದ ದಿನ ಯಾರದೋ ಮದುವೆಯ ಹಿಟ್ಟು ಬೀಸುತ್ತಿದ್ದರು. ಅಪರೂಪಕ್ಕೆ ಗಿರಣಿ ನಡೆದಿತ್ತು. ಗಿರಣಿಯ ಹಿಂಬದಿಗೇ ಮನೆ. ಪ್ರಭುದಾಸರ ಮೈಗೆ ಹುಬ್ಬಿನವರೆಗೆ ಬಿಳಿ ಹಿಟ್ಟು; ಕೈಸನ್ನೆಯಿಂದಲೇ ಬರಮಾಡಿಕೊಂಡರು, ಕೈಸನ್ನೆಯಿಂದಲೇ ಕಂಪ್ಯೂಟರ್ ತೋರಿಸಿದರು. ಗಿರಣಿಯವರು ಎಲ್ಲರೂ ಹಾಗೆಯೇ. ಆ ಸಪ್ಪಳದಲ್ಲಿ ಗಂಟಲು ಹರಿದುಕೊಳ್ಳುವವರು ಯಾರು? ಎರಡು ಬೆರಳು ಎತ್ತಿದರೆ ಸಣ್ಣಗೆ ಬೀಸಬೇಕೆ ಎಂದು, ಅಂಗೈ ಮಗುಚಿದರೆ ಆಯಿತು ಎಂದು. ನನಗೆ ಅದರಲ್ಲಿ ವಿಶೇಷ ಕಾಣಲಿಲ್ಲ.

ಮೇಜಿನ ಮೇಲೆ ನಿಲ್ಲಿಸುವ ಸಣ್ಣ ಮೈಕು. ಅದರ ಜಾಲರಿ ತುಂಬ ಹಿಟ್ಟು. ಸಿಕ್ಕಿತು ಕಳ್ಳ ಅಂದುಕೊಂಡೆ. ಬ್ರಷ್ಷು ಹಾಕಿ ತೆಗೆದೆ. ಸೆಟ್ಟಿಂಗ್ ತೆರೆದರೆ ಮೈಕನ್ನು ಮ್ಯೂಟ್ ಮಾಡಿಯೂ ಇತ್ತು. ಯಾವಾಗಲೋ ಕೈ ತಾಗಿರಬೇಕು. ಅದನ್ನು ತೆಗೆದು, ನನ್ನದೇ ಧ್ವನಿಯಲ್ಲಿ “ಹಲೋ ಹಲೋ” ಅಂದು ರೆಕಾರ್ಡ್ ಮಾಡಿ ಕೇಳಿದೆ. ಗಂಟೆ ಹೊಡೆದಂತೆ ಸ್ವಚ್ಛ. ಪ್ರಭುದಾಸರು ಚಹಾ ತಂದಿಟ್ಟು ಕೈ ಮುಗಿದರು. ಎಷ್ಟು ಸಂಭಾವಿತ ಮನುಷ್ಯ ಅಂದುಕೊಳ್ಳುತ್ತ ಬೀದರಿನ ಬಸ್ಸು ಹತ್ತಿದೆ.

ಶುಕ್ರವಾರ ಸಂಜೆ ಮತ್ತೆ ಕುವೈತಿನ ಕರೆ. “ಇಲ್ರಿ ಅಕ್ಕಾ. ಏನೂ ಬರಲಿಲ್ಲ.”

ಹಮೀದ್ ಸಾಹೇಬರು ಪೂರ್ತಿ ಕೇಳಿ, ಕನ್ನಡಕ ಒರೆಸುತ್ತ ಅಂದರು: “ಮುಂದಿನ ಶುಕ್ರವಾರವೇ ಹೋಗು. ಯಾವ ದಿನ ಕೆಡ್ತದೋ ಆ ದಿನವೇ ನೋಡಬೇಕು. ಮತ್ತ ಆ ಮನಿಯವರ ಧ್ವನಿಯಿಂದನೇ ಟೆಸ್ಟ್ ಮಾಡು. ನಿನ್ನ ಧ್ವನಿ ಅವರಿಗೇನು ಉಪಯೋಗ?”

ಶುಕ್ರವಾರ ಹೋದೆ. ಗಿರಣಿ ನಿಂತಿತ್ತು. ಯಂತ್ರ ತಿರುಗಿಸುವ ಪಟ್ಟ ಬಿಚ್ಚಿ ಸುತ್ತಿ ಗೋಡೆಗೆ ನೇತು ಹಾಕಿದ್ದರು. ನನ್ನನ್ನು ಕಂಡು ಪ್ರಭುದಾಸರ ಮುಖ ಇಳಿಯಿತು. ಕಂಪ್ಯೂಟರ್ ತೆರೆದೆ: ಮೈಕು ಮತ್ತೆ ಮ್ಯೂಟ್. ಒಂದು ಸಲವಾದರೆ ಕೈ ತಾಗಿದ್ದು. ಎರಡನೇ ಸಲಕ್ಕೆ ನನಗೆ ವೈರಸ್ಸಿನ ಅನುಮಾನ. ಹುಡುಕಿದೆ, ಸಿಗಲಿಲ್ಲ. ಮೈಕು ನಡೆಸುವ ಡ್ರೈವರ್ ಎಂಬ ತಂತ್ರಾಂಶವನ್ನು ತೆಗೆದು ಹೊಸದಾಗಿ ಹಾಕಿದೆ. ಆಮೇಲೆ ಮೈಕನ್ನು ಅವರ ಮುಂದಿಟ್ಟೆ.

“ಪ್ರಭುದಾಸಣ್ಣಾ, ಈಗ ನೀವು ಏನರೆ ಮಾತಾಡ್ರಿ.”

ಅವರು ಮೈಕಿನ ತಲೆಯ ಮೇಲೆ ಬೆರಳಿನಿಂದ ಟಕಟಕ ಬಡಿದರು. ಪರದೆಯಲ್ಲಿ ಹಸಿರು ಪಟ್ಟಿ ಕುಣಿಯಿತು. ನೋಡಿ, ಸರಿ ಇದೆಯಲ್ಲ ಎಂಬಂತೆ ಕೈ ಮಾಡಿದರು.

“ಬಡಿಯೋದು ಬ್ಯಾಡ್ರಿ. ಮಾತು ಬೇಕು. ನಿಮ್ಮ ಹೆಸರರೆ ಹೇಳ್ರಿ.”

ಅವರು ಕಿಟಕಿಯ ಕಡೆ ನೋಡಿದರು. ಗಿರಣಿಯ ಸಪ್ಪಳವೂ ಇರಲಿಲ್ಲ ಆವತ್ತು, ಸನ್ನೆಗೆ ನೆಪವೂ ಇರಲಿಲ್ಲ. ನಾನು ಹಟ ಹಿಡಿದು ಕುಳಿತೆ. ಕೊನೆಗೆ ಅವರು ಬಾಯಿ ತೆರೆದರು. ಬಂದದ್ದು ಧ್ವನಿಯಲ್ಲ, ಒಣಗಿದ ಕದ ಉಜ್ಜಿದಂತೆ ಒಂದು ಗರಗರ, ಅದರ ಹಿಂದೆ ಬರೀ ಗಾಳಿ.

ನಾನು ಕುರ್ಚಿಯನ್ನು ಅವರ ಕಡೆ ತಿರುಗಿಸಿದೆ.

“ಯಾವಾಗಿಂದ ಹಿಂಗದ?”

“ಸೋಯಾ... ಬಿತ್ತೋ ಮುಂದ.” ಒಂದೊಂದು ಮಾತಿಗೂ ಕುತ್ತಿಗೆಯ ನರ ಎದ್ದು ನಿಲ್ಲುತ್ತಿತ್ತು. ಆ ವರ್ಷ ಬಿತ್ತಿದ್ದು ಒಣಗಿ ಎಷ್ಟೋ ತಿಂಗಳಾಗಿತ್ತು.

“ಡಾಕ್ಟರಿಗಿ ತೋರಿಸೀರಿಲ್ಲ?”

ಇಲ್ಲ ಎಂದು ತಲೆಯಾಡಿಸಿದರು. ಓಣಿಯವರಿಗೆ ಹಿಟ್ಟಿನ ಧೂಳು ಅಂದಿದ್ದರು. ಮಗಳಿಗೆ ನೆಗಡಿ ಅಂದಿದ್ದರು. ಹೆಂಡತಿಗೆ ಏನು ಹೇಳಿದರೂ ನಡೆಯುತ್ತಿರಲಿಲ್ಲ.

“ಆಕಿ ನರ್ಸ್ ಅದಾಳ್ರಿ. ಒಂದ್ ಮಾತು ಕೇಳಿದ್ರ ಸಾಕು... ತಿಳೀತದ. ಎಲ್ಲಾ ಬಿಟ್ಟು ಬರ್ತಾಳ. ನನ್ನ ಸಲುವಾಗಿ ಆಕಿ ಕರಾರು ಮುರೀಬಾರದು.”

ಅಂದರೆ ಪ್ರತಿ ಶುಕ್ರವಾರ, ಕರೆ ಬರುವ ಮೊದಲು, ಈ ಮನುಷ್ಯ ಸ್ವತಃ ಸೆಟ್ಟಿಂಗ್ ಹುಡುಕಿ ತನ್ನ ಬಾಯಿ ಮುಚ್ಚಿಕೊಂಡು, ಹೊಸ ಅಂಗಿ ಹಾಕಿ, ಕ್ಯಾಮೆರಾದ ಮುಂದೆ ನಗುತ್ತ ಕುಳಿತುಕೊಳ್ಳುತ್ತಿದ್ದರು. ಹೆಂಡತಿಯ ಮಾತು ಕೇಳುತ್ತಿದ್ದರು, ತಲೆಯಾಡಿಸುತ್ತಿದ್ದರು. ನನಗೆ ಸಿಟ್ಟು ಬಂತು. ಕಣ್ಣಲ್ಲಿ ನೀರೂ ಬಂತು. ಎರಡೂ ಒಟ್ಟಿಗೇ ಬಂದದ್ದರಿಂದ ನಾನು ಜೋರಾಗಿಯೇ ಮಾತಾಡಿದೆ.

“ಅಣ್ಣಾ, ಮೈಕ್ ಕೆಟ್ಟದ ಅಂತ ನಾ ಆಕಿಗಿ ಸುಳ್ಳು ಹೇಳಲ್ಲ. ನಿಮ್ಮ ಗಂಟಲು ಕೆಟ್ಟದ ಅಂತನೂ ನಾ ಹೇಳಲ್ಲ. ಅದು ನೀವು ಹೇಳೋ ಮಾತು. ಗಂಟಲಾಗ ಗಂಟು ಗಿಂಟು ಏನರೆ ಇದ್ದರ, ಇನ್ನ ತಡ ಮಾಡಿದರ, ಆಕಿ ಕರಾರು ಮುಗಿಸಿ ಬಂದು ಯಾರ ಮುಖ ನೋಡಬೇಕ್ರಿ?”

ಅವರು ಉತ್ತರಿಸುವ ಮೊದಲೇ ಕಂಪ್ಯೂಟರ್ ಕೂಗತೊಡಗಿತು. ಕುವೈತ್.

ನಾನೇ ಎತ್ತಿದೆ. ಪರದೆಯ ಮೇಲೆ ವಿಮಲಾ. ಅಲ್ಲಿನ ನರ್ಸುಗಳ ಹಾಸ್ಟೆಲಿನ ಹಸಿರು ಗೋಡೆಯ ಮುಂದೆ, ತಲೆ ಬಾಚಿ ಹೂವಿನ ಸೀರೆ ಉಟ್ಟಿದ್ದರು.

“ಕೇಳ್ತದೇನ್ರಿ ವಿಮಲಾಬಾಯಿ?”

“ಅಯ್ಯ, ಕೇಳ್ತದ್ರಿ ಅಕ್ಕಾ! ಸಾಫ್ ಕೇಳ್ತದ!” ಆಕೆಯ ಮುಖ ಅರಳಿತು. “ಅವರೆಲ್ಲಿ? ಅವರಿಗಿ ಕೊಡ್ರಿ.”

ನಾನು ಕುರ್ಚಿ ಬಿಟ್ಟು ಎದ್ದೆ. ಪ್ರಭುದಾಸರು ಕುಳಿತರು. ಅವರ ಕೈ ಮೌಸಿನ ಮೇಲೆ ಹೋಯಿತು. ಮ್ಯೂಟ್ ಮಾಡುವ ಗುರುತು ತೆರೆದೇ ಇತ್ತು, ಬಾಣ ಅದರ ಹತ್ತಿರ ಹೋಗಿ ನಿಂತಿತು. ನಾನು ತಡೆಯಲಿಲ್ಲ. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ವಿಮಲಾ ಕಾಯುತ್ತಿದ್ದರು. ಆಕೆಯ ಮುಖದ ಮೇಲಿನ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯತೊಡಗಿತು.

ಪ್ರಭುದಾಸರು ಮೌಸ್ ಬಿಟ್ಟರು.

“ವಿಮಲಾ,” ಅಂದರು.

ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ, ಓದುವವರ ಜೀವ ಹಿಂಡುವುದು ನನಗೆ ಸೇರುವುದಿಲ್ಲ. ಧ್ವನಿಪೆಟ್ಟಿಗೆಯ ಮೇಲೆ ಗಂಟು ಇತ್ತು. ಕೆಟ್ಟದ್ದೇ, ಆದರೆ ಚಿಕ್ಕದು. ವಿಮಲಾ ರಜೆ ಹಾಕಿ ಬಂದು ಹೈದರಾಬಾದಿನಲ್ಲಿ ಚಿಕಿತ್ಸೆ ಮಾಡಿಸಿದರು. ಆಮೇಲೆ ತಿರುಗಿ ಹೋಗಿ ಕರಾರನ್ನೂ ಮುಗಿಸಿದರು. ಪ್ರಭುದಾಸರು ಉಳಿದರು. ಧ್ವನಿ ಒಡಕಾಗಿಯೇ ಉಳಿಯಿತು, ಆದರೆ ಅದು ಧ್ವನಿ.

ನಾನು ಮರೆಯದೆ ಇಟ್ಟುಕೊಂಡಿರುವುದು ಆ ಶುಕ್ರವಾರದ ಆ ಕೋಣೆಯನ್ನು. ಹೆಸರು ಕೇಳಿದ ವಿಮಲಾ ಸ್ವಲ್ಪ ಹೊತ್ತು ಅಲುಗಲಿಲ್ಲ. ಚಿತ್ರ ನಿಂತುಹೋಯಿತೇನೋ ಎಂದು ನಾನು ತಂತಿ ನೋಡಿದೆ.

“ಇನ್ನೊಮ್ಮೆ ಅನ್ರಿ,” ಅಂದರು ಆಕೆ.

“ವಿಮಲಾ.”

“ನುಂಗಲಾಕ ತ್ರಾಸ ಅದೇನು? ಕೆಮ್ಮಿದ್ರ ರಕ್ತ ಬೀಳ್ತದೇನು? ಕುತ್ತಿಗಿ ಮುಟ್ಟಿ ನೋಡ್ರಿ, ಎಲ್ಲೆರೆ ಗಂಟು ಕೈಗಿ ಹತ್ತತದೇನು?” ಪೂರಾ ನರ್ಸಿನ ದನಿ. ಪ್ರಭುದಾಸರು ಒಂದೊಂದಕ್ಕೂ ಇಲ್ಲ ಎಂದು ತಲೆಯಾಡಿಸಿದರು. ನಾಳೆಯೇ ಬೀದರಿನಲ್ಲಿ ಯಾರಿಗೆ ತೋರಿಸಬೇಕು, ಏನು ಕೇಳಬೇಕು ಎಂದು ಆಕೆ ನನಗೆ ಹೇಳಿದರು. ನಾನು ಕರೆದುಕೊಂಡು ಹೋಗುತ್ತೇನೆ ಅಂದೆ. ಅಷ್ಟು ಮುಗಿದ ಮೇಲೆ ನರ್ಸಿನ ದನಿ ಎಲ್ಲಿ ಹೋಯಿತೋ, ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ನಾ ಏನ್ ಅಂದ್ಕೊಂಡಿದ್ದೆ ಗೊತ್ತೇನ್ರಿ? ಹೆಂಡ್ತಿ ದುಡಿಲಾಕ ಹೋದಳಂತ ಮಂದಿ ಏನರೆ ಅಂದಿರಬೇಕು, ನೀವು ಸಿಟ್ಟಾಗಿ ನನ್ನ ಸಂಗಟ ಮಾತು ಬಿಟ್ಟೀರಿ ಅಂದ್ಕೊಂಡಿದ್ದೆ. ಮೈಕ್ ಸರಿ ಮಾಡ್ರಿ ಅಂತ ಅಕ್ಕಾಗ ಹೇಳಿದ್ದು ಅದಕ್ಕೇ. ಮೈಕ್ ಸರಿ ಆದ ಮ್ಯಾಲೂ ನೀವು ಮಾತಾಡಲಿಲ್ಲಂದ್ರ... ಆವಾಗ ನಾ ಏನ್ ಮಾಡಬೇಕಿತ್ತು?”

ಪ್ರಭುದಾಸರು ಮೈಕನ್ನು ಎರಡೂ ಕೈಯಿಂದ ಎತ್ತಿ ತುಟಿಯ ಹತ್ತಿರ ಹಿಡಿದರು. “ಸಿಟ್ಟಿಲ್ಲ,” ಅಂದರು. ಗಾಳಿ ಹೋಯಿತು, ಮತ್ತೆ ಉಸಿರೆಳೆದು ಅಂದರು: “ಖರೇ. ಸಿಟ್ಟಿಲ್ಲ.”

“ಸಾಕು, ಸಾಕು. ಇನ್ನ ಮಾತಾಡಬ್ಯಾಡ್ರಿ, ಗಂಟಲಿಗಿ ಬೇನಿ ಆಗ್ತದ. ನಾ ಮಾತಾಡ್ತೇನಿ. ನೀವು ಕೇಳ್ರಿ.”

ಆಕೆ ಶುರು ಮಾಡಿದರು. ಬೆಳಗ್ಗೆ ಪಲ್ಯ ಸೀದದ್ದು, ವಾರ್ಡಿನ ಮುದುಕಿಯೊಬ್ಬಳು ಆಕೆಯ ಕೈಯನ್ನೇ ಹಿಡಿದು ಮಲಗಿದ್ದು, ಪಕ್ಕದ ಮಂಚದ ಕೇರಳದ ಹುಡುಗಿಯ ಗೊರಕೆ. ಪ್ರಭುದಾಸರು ಗಲ್ಲಕ್ಕೆ ಕೈ ಹಚ್ಚಿ ಪರದೆಯ ಹತ್ತಿರ ಬಾಗಿ ಕೇಳುತ್ತಿದ್ದರು. ನಾನು ನನ್ನ ಚೀಲ ಎತ್ತಿಕೊಂಡು ಸಪ್ಪಳ ಮಾಡದೆ ಗಿರಣಿಯ ಕಟ್ಟೆಗೆ ಬಂದೆ.

ಹೊರಗೆ ಒಬ್ಬಾಕೆ ಜೋಳದ ಡಬ್ಬಿ ಸೊಂಟಕ್ಕೆ ಇಟ್ಟುಕೊಂಡು ನಿಂತಿದ್ದಳು. ಡಬ್ಬಿಯ ತಳದಲ್ಲಿ ಒಂದು ಹೊತ್ತಿನ ರೊಟ್ಟಿಗಾಗುವಷ್ಟು ಜೋಳ. “ಗಿರಣಿ ಚಾಲೂ ಮಾಡ್ತಾರೇನ್ರಿ?” ಅಂದಳು.

“ಜರಾ ಕೂಡ್ರಿ,” ಅಂದೆ. “ಗಂಡ ಹೆಂಡ್ತಿ ಮಾತಾಡ್ಲತ್ತಾರ.”

ಆಕೆ ಡಬ್ಬಿ ಕೆಳಗಿಟ್ಟು ನನ್ನ ಪಕ್ಕ ಕುಳಿತಳು.